ನಾಲ್ಕು ಹಾದಿ, ಒಂದೇ ಗೋದಾಮು

ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಳಿಗ್ಗೆ ಲಾರಿ ಬಂದು ನಿಂತರೆ ಗುಮಾಸ್ತ ಮೊದಲು ನೋಡುವುದು ಚೀಲದ ಮೇಲಿನ ಮಾರ್ಕಾ. ಚೀಲ ಮುಂದಿನ ಬಾಗಿಲಿಂದ ಬಂತೋ ಹಿಂದಿನ ಓಣಿಯ ಬಾಗಿಲಿಂದ ಬಂತೋ, ವಹಿಯಲ್ಲಿ ಏರುವುದು ಮಾರ್ಕಾ ಮತ್ತು ನಗ, ಅಷ್ಟೇ. ಎರಡು ಬಾಗಿಲಲ್ಲಿ ಇಬ್ಬರು ನಿಂತು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅದೇ ಚೀಲಗಳನ್ನು ಎಣಿಸಿದರೆ ಕಾಗದದ ಮೇಲೆ ದಾಸ್ತಾನು ಎರಡು ಪಟ್ಟಾಗುತ್ತದೆ. ಗೋದಾಮಿನೊಳಗೆ ಮಾಲು ಮಾತ್ರ ಇದ್ದಷ್ಟೇ ಇರುತ್ತದೆ.

ನಾನು ಕೂತು ಕೆಲಸ ಮಾಡುವ ಕೋಣೆ ಅಂಥದೊಂದು ಸಗಟು ಕಿರಾಣಿ ಅಂಗಡಿಯ ಮಾಳಿಗೆ. ಕೆಳಗೆ ಮೆಣಸಿನಕಾಯಿ ಚೀಲ ಬಿಚ್ಚಿದರೆ ಘಾಟು ಇಲ್ಲಿಯವರೆಗೂ ಬರುತ್ತದೆ. ಪೇಟೆ ಬಾಗಿಲು ಹಾಕಿದ ಮೇಲೆ, ರಾತ್ರಿ ಹೊತ್ತು, ದೂರದ ಸರ್ವರುಗಳಿಗೆ ಲಾಗಿನ್ ಆಗಿ ನಾನು ಮಾಡುವುದೂ ಗುಮಾಸ್ತನ ಕೆಲಸವೇ: ಬಾಗಿಲು ಎಷ್ಟಾದರೂ ಇರಲಿ, ಮಾಲು ಒಂದೇ ಎಂದು ಯಂತ್ರಕ್ಕೆ ಮನವರಿಕೆ ಮಾಡಿಕೊಡುವುದು. ಈ ವಿದ್ಯೆಗೆ ಮಲ್ಟಿಪಾತಿಂಗ್ ಎಂದು ಹೆಸರು. ಕಮಾಂಡ್ ಲೈನಿನಲ್ಲಿ ಇದನ್ನು ಕಲಿತವರಿಗೆ ಯುನಿಕ್ಸ್ ಲೋಕದ ಒಂದು ಒಳಮನೆಯೇ ತೆರೆಯುತ್ತದೆ ಎಂದು ನಾನು ನಂಬಿದ್ದೇನೆ. ಈ ವಾರ ಆ ಮನೆಯೊಳಗೆ ಹೋಗೋಣ.

ದೊಡ್ಡ ಸರ್ವರಿನ ಡೇಟಾ ಸಾಮಾನ್ಯವಾಗಿ ಅದರ ಹೊಟ್ಟೆಯೊಳಗೆ ಇರುವುದಿಲ್ಲ. ಬೇರೊಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರುತ್ತದೆ. ಆ ಪೆಟ್ಟಿಗೆ ತನ್ನ ಜಾಗದಲ್ಲಿ ಒಂದು ತುಂಡನ್ನು ಕತ್ತರಿಸಿ ಸರ್ವರಿಗೆ ಕೊಡುತ್ತದೆ, ಅದು ಲನ್. ನಡುವೆ ಫೈಬರ್ ಚಾನೆಲ್ ಜಾಲ. ಕೇಬಲ್ ಒಂದು ಕಡಿದರೆ, ಸ್ವಿಚ್ ಒಂದು ಸತ್ತರೆ ಕೆಲಸ ನಿಲ್ಲಬಾರದೆಂದು ಎಲ್ಲವನ್ನೂ ಜೋಡಿ ಇಡುತ್ತಾರೆ. ಸರ್ವರಿನಲ್ಲಿ ಜಾಲಕ್ಕೆ ಜೋಡಿಸುವ ಎರಡು ಎಚ್‌ಬಿಎ ಕಾರ್ಡು, ನಡುವೆ ಎರಡು ಸ್ವಿಚ್ಚು, ಪೆಟ್ಟಿಗೆಯಲ್ಲಿ ಎರಡು ಕಂಟ್ರೋಲರು. ಒಂದೊಂದು ಕಾರ್ಡಿನಿಂದ ಎರಡೂ ಕಂಟ್ರೋಲರಿಗೆ ಹೋಗಬಹುದು. ಎರಡೆರಡಲೆ ನಾಲ್ಕು ಹಾದಿ.

ತೊಡಕು ಶುರುವಾಗುವುದೂ ಇಲ್ಲಿಯೇ. ಲಿನಕ್ಸ್ ಕರ್ನೆಲ್ ಪ್ರತಿ ಹಾದಿಯ ತುದಿಯಲ್ಲೂ ಒಂದು ಡಿಸ್ಕನ್ನು ಕಾಣುತ್ತದೆ. 500 ಜಿಬಿಯ ಒಂದೇ ಲನ್ ಕೊಟ್ಟಿದ್ದರೂ ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ ಎಂದು ನಾಲ್ಕು ಹೆಸರು ಸಾಲಾಗಿ ನಿಲ್ಲುತ್ತವೆ. ಹೊಸಬನಿಗೆ 2000 ಜಿಬಿ ಸಿಕ್ಕಂತೆ ಕಾಣುತ್ತದೆ. ಅವನು ಎಸ್‌ಡಿಬಿ ಮೇಲೆ ಒಂದು ಫೈಲ್‌ಸಿಸ್ಟಂ ಕಟ್ಟಿ, ಎಸ್‌ಡಿಸಿ ಮೇಲೆ ಇನ್ನೊಂದು ಕಟ್ಟಿದರೆ ಎರಡನೆಯದು ಮೊದಲನೆಯದನ್ನು ಅಳಿಸಿಯೇ ಏಳುತ್ತದೆ. ಎರಡು ಬಾಗಿಲ ಗುಮಾಸ್ತರ ಲೆಕ್ಕ ತಪ್ಪಿದರೆ ವಹಿ ಕೆಡುತ್ತದೆ. ಇಲ್ಲಿ ಮಾಲೇ ಕೆಡುತ್ತದೆ.

ಪರಿಹಾರವೂ ಪೇಟೆಯದ್ದೇ: ಮಾರ್ಕಾ ನೋಡು. ಡಿಸ್ಕುಗಳ ಜೊತೆ ಮಾತಾಡುವ ಸ್ಕಸಿ ನಿಯಮದ ಪ್ರಕಾರ ಪ್ರತಿ ಲನ್‌ಗೂ ಜಗತ್ತಿನಲ್ಲಿ ಬೇರೆಲ್ಲೂ ಇರದ ಒಂದು ಗುರುತು ಇರುತ್ತದೆ. 83ನೇ ಪುಟ ತೋರಿಸು ಎಂದು ಡಿಸ್ಕನ್ನು ಕೇಳಿದರೆ ಅದು ಆ ಗುರುತನ್ನು ಹೇಳುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 33 ಅಕ್ಷರಗಳ ಸಾಲು. ಮೊದಲು ಬರುವ '3' ಎಂಬುದು ಲಿನಕ್ಸ್ ಹಚ್ಚಿದ ಅಂಕಿ. ಅದರ ನಂತರದ '6' ಎಂಬುದು ಗುರುತಿನ ಜಾತಿ. ಆಮೇಲೆ ತಯಾರಕರಿಗೆ ಐಇಇಇ ಸಂಸ್ಥೆ ಕೊಟ್ಟ ಸಂಖ್ಯೆ. ಕಣ್ಣು ಪಳಗಿದವರು 36006016 ಎಂದು ಶುರುವಾದ ಸಾಲು ಕಂಡರೆ ಇಎಂಸಿ ಪೆಟ್ಟಿಗೆ ಎನ್ನುತ್ತಾರೆ, 360050768 ಎಂದರೆ ಐಬಿಎಂನದು ಎನ್ನುತ್ತಾರೆ. ಬೆಲ್ಲದ ಪೆಂಟೆಯ ಬಣ್ಣ ನೋಡಿಯೇ ಯಾವ ಕಡೆಯ ಗಾಣದ್ದೆಂದು ಹೇಳುವ ಹಿರಿಯ ಅಡತಿದಾರರು ನಮ್ಮ ಪೇಟೆಯಲ್ಲಿ ಇದ್ದಾರೆ. ಅದೇ ಬಗೆಯ ನೋಟ ಇದು; ಪುಸ್ತಕದಿಂದಲ್ಲ, ನೋಡಿ ನೋಡಿಯೇ ಬರುತ್ತದೆ.

ಮಲ್ಟಿಪಾತ್‌ಡಿ ಎಂಬ ಸೇವೆ ಒಂದೇ ಗುರುತಿನ ಡಿಸ್ಕುಗಳನ್ನು ಒಟ್ಟುಗೂಡಿಸಿ ಎಂಪಾತ್‌ಎ ಎಂಬ ಒಂದೇ ಹೆಸರನ್ನು ಮುಂದಿಡುತ್ತದೆ. ಇನ್ನು ಮೇಲೆ ಫೈಲ್‌ಸಿಸ್ಟಂ ಕಟ್ಟುವುದು, ಮೌಂಟ್ ಮಾಡುವುದು ಎಲ್ಲ ಆ ಹೆಸರಿನ ಮೇಲೆ ಮಾತ್ರ. ಮಲ್ಟಿಪಾತ್ ಡಾಟ್ ಕಾನ್ಫ್ ಕಡತದಲ್ಲಿ ಗುರುತಿನ ಎದುರಿಗೆ ನಿಮ್ಮದೇ ಹೆಸರು ಬರೆದಿಟ್ಟರೆ ಇನ್ನೂ ಒಳ್ಳೆಯದು. ಎಂಪಾತ್‌ಎ, ಎಂಪಾತ್‌ಬಿ ಎಂಬ ಹೆಸರುಗಳು ಒಂದು ಸರ್ವರಿನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ನೀವು ಕೊಟ್ಟ ಹೆಸರು ಹಾಗಾಗುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಆಜ್ಞೆಗೆ ಬರುತ್ತೇನೆ: ಮಲ್ಟಿಪಾತ್ ಹೈಫನ್ ಎಲ್ ಎಲ್. ಉತ್ತರದಲ್ಲಿ ಮೊದಲು ಹೆಸರು, ಗುರುತು, ಗಾತ್ರ, ಕೆಳಗೆ ಹಾದಿಗಳು:

1:0:0:1 ಎಸ್‌ಡಿಬಿ 8:16 ಆ್ಯಕ್ಟಿವ್ ರೆಡಿ ರನಿಂಗ್
2:0:0:1 ಎಸ್‌ಡಿಡಿ 8:48 ಆ್ಯಕ್ಟಿವ್ ರೆಡಿ ರನಿಂಗ್
1:0:1:1 ಎಸ್‌ಡಿಸಿ 8:32 ಆ್ಯಕ್ಟಿವ್ ರೆಡಿ ರನಿಂಗ್
2:0:1:1 ಎಸ್‌ಡಿಇ 8:64 ಆ್ಯಕ್ಟಿವ್ ರೆಡಿ ರನಿಂಗ್

ಇದನ್ನು ಓಡಿಸಿಕೊಂಡು ಹೋಗಬೇಡಿ, ಒಂದೊಂದೇ ಕಾಲಮ್ಮಿನ ಮೇಲೆ ಬೆರಳಿಟ್ಟು ಓದಿ. ಮೊದಲಿನ ನಾಲ್ಕು ಅಂಕಿಗಳು ಹಾದಿಯ ವಿಳಾಸ: ಯಾವ ಕಾರ್ಡು, ಯಾವ ಚಾನೆಲ್, ಆಚೆ ತುದಿಯ ಯಾವ ಪೋರ್ಟು, ಯಾವ ಲನ್. ಮೊದಲ ಅಂಕಿ ಎರಡು ಕಡೆ 1, ಎರಡು ಕಡೆ 2 ಇದೆ. ಎರಡೂ ಕಾರ್ಡುಗಳು ದುಡಿಯುತ್ತಿವೆ ಎಂದಾಯಿತು. ನಾಲ್ಕೂ ಸಾಲಿನಲ್ಲಿ 1 ಎಂದೇ ಇದ್ದರೆ ಹಾದಿ ನಾಲ್ಕು ಕಂಡರೂ ಹೊರಡುವ ಬಾಗಿಲು ಒಂದೇ. ನಡುವಿನ 8:16, 8:32 ಕರ್ನೆಲ್ಲಿನ ಲೆಕ್ಕ. ಒಂದು ಡಿಸ್ಕಿಗೂ ಅದರ ಪಾರ್ಟಿಷನ್‌ಗಳಿಗೂ ಸೇರಿ 16 ಸಂಖ್ಯೆ ಮೀಸಲು, ಅದಕ್ಕೇ ಹದಿನಾರರ ಮಗ್ಗಿಯಲ್ಲಿ ಏರುತ್ತವೆ.

ಕೊನೆಯ ಮೂರು ಪದಗಳು ಮೂವರು ಬೇರೆ ಬೇರೆ ಸಾಕ್ಷಿಗಳ ಹೇಳಿಕೆ. ಆ್ಯಕ್ಟಿವ್ ಎಂದದ್ದು ಹಾದಿಗಳನ್ನು ಒಂದಾಗಿಸುವ ಕರ್ನೆಲ್ ಪದರ ಡಿವೈಸ್ ಮ್ಯಾಪರ್: ಈ ಹಾದಿಯಲ್ಲಿ ನಾನು ಮಾಲು ಕಳಿಸಬಲ್ಲೆ. ರೆಡಿ ಎಂದದ್ದು ಪಾತ್ ಚೆಕರ್: ಈಗಷ್ಟೇ ಆಚೆ ತುದಿಯನ್ನು ಕರೆದು ಕೇಳಿದೆ, ಓಗೊಟ್ಟಿತು. ರನಿಂಗ್ ಎಂದದ್ದು ಸ್ಕಸಿ ಪದರ: ನನ್ನ ಪುಸ್ತಕದಲ್ಲಿ ಈ ಸಾಧನ ಚಾಲ್ತಿಯಲ್ಲಿದೆ. ಮೂವರ ಮಾತೂ ಒಂದೇ ಆಗಿದ್ದರೆ ನೆಮ್ಮದಿ. ಒಬ್ಬರು ಮಾತು ಬದಲಿಸಿದರೆ ತನಿಖೆ ಅಲ್ಲಿಂದ ಶುರು ಮಾಡಬೇಕು.

ಹಾದಿಗಳು ಎರಡು ಗುಂಪಾಗಿ, ಒಂದಕ್ಕೆ 50, ಇನ್ನೊಂದಕ್ಕೆ 10 ಎಂಬ ಆದ್ಯತೆ ಬರೆದಿರುವುದನ್ನೂ ಆ ಆಜ್ಞೆಯ ಪೂರ್ಣ ಉತ್ತರದಲ್ಲಿ ಕಾಣುತ್ತೀರಿ. ಎಷ್ಟೋ ಪೆಟ್ಟಿಗೆಗಳಲ್ಲಿ ಒಂದು ಲನ್ ಒಂದು ಕಂಟ್ರೋಲರಿನ ಸುಪರ್ದಿಯಲ್ಲಿ ಇರುತ್ತದೆ. ಆ ಕಂಟ್ರೋಲರಿಗೆ ನೇರ ಹೋಗುವ ಹಾದಿಗೆ 50, ಇನ್ನೊಂದರ ಮೂಲಕ ಸುತ್ತಿಕೊಂಡು ಹೋಗುವುದಕ್ಕೆ 10. ಈ ಏರ್ಪಾಡಿಗೆ ಅಲುವಾ ಎನ್ನುತ್ತಾರೆ. ನೇರ ಹಾದಿ ಇರುವಾಗ ಸುತ್ತುಹಾದಿ ಸುಮ್ಮನೆ ಕಾಯುತ್ತಿರುತ್ತದೆ.

ಹೀಗೆ ಕಾಯುತ್ತಿದೆ ಎಂದು ನಾವು ನಂಬಿಕೊಂಡ ಹಾದಿಯ ಬಗ್ಗೆಯೇ ನನಗೆ ಇಂದು ಹೇಳಬೇಕಾದದ್ದು ಇದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯಲ್ಲಿ ಸ್ವಿಚ್ಚಿನ ಫರ್ಮ್‌ವೇರ್ ಬದಲಿಸುವ ರಾತ್ರಿ ನಾನು ಕನ್ಸೋಲಿನ ಮುಂದೆ ಇದ್ದೆ. ಶುರು ಮಾಡುವ ಮುಂಚೆ ನಾಲ್ಕೂ ಹಾದಿ ನೋಡಿದೆವು. ಆ್ಯಕ್ಟಿವ್, ರೆಡಿ, ರನಿಂಗ್. ಮೊದಲ ಅಂಕಿಯಲ್ಲಿ 1 ಇತ್ತು, 2 ಇತ್ತು. ಸ್ವಿಚ್ಚು ಒಂದು ಸಲ ಆರಿ ಹೊತ್ತಿಕೊಳ್ಳುವಷ್ಟು ಹೊತ್ತು ಎರಡು ಹಾದಿ ಹೋದರೂ ಇನ್ನೆರಡು ಇವೆಯಲ್ಲ ಎಂದು ಮುಂದುವರಿದೆವು. ಸ್ವಿಚ್ಚು ಆರಿತು. ತೆರೆಯ ಮೇಲೆ ನಾಲ್ಕೂ ಸಾಲು ಒಟ್ಟಿಗೇ ಫೇಲ್ಡ್, ಫಾಲ್ಟಿ ಎಂದವು.

ಡೇಟಾಬೇಸ್ ಸಾಯಲೂ ಇಲ್ಲ, ಉತ್ತರ ಕೊಡಲೂ ಇಲ್ಲ. ಪಿಎಸ್ ಆಜ್ಞೆ ಕೊಟ್ಟರೆ ಅದರ ಪ್ರಕ್ರಿಯೆಗಳೆಲ್ಲ ಡಿ ಸ್ಥಿತಿಯಲ್ಲಿ, ಅಂದರೆ ಡಿಸ್ಕಿನ ಉತ್ತರಕ್ಕಾಗಿ ಕಾಯುವ ಎಬ್ಬಿಸಲಾಗದ ನಿದ್ದೆಯಲ್ಲಿ. ಕಿಲ್ ಹೈಫನ್ 9 ಕೂಡ ಆ ನಿದ್ದೆಗೆ ತಟ್ಟುವುದಿಲ್ಲ. ಪ್ರೊಸೆಸರ್ ಖಾಲಿ, ಲೋಡ್ ಮಾತ್ರ ಏರುತ್ತಲೇ ಇತ್ತು. ಆರೇಳು ನಿಮಿಷದ ಮೇಲೆ ಸ್ವಿಚ್ಚು ಎದ್ದಿತು, ಹಾದಿಗಳು ಒಂದೊಂದೇ ಮರಳಿದವು, ಡೇಟಾಬೇಸ್ ನಿಂತಲ್ಲಿಂದಲೇ ಮುಂದಕ್ಕೆ ನಡೆಯಿತು. ಒಂದು ದಾಖಲೆಯೂ ಹೋಗಲಿಲ್ಲ.

ಆಮೇಲೆ ಸರ್ವರ್ ಕೋಣೆಗೆ ಹೋಗಿ ಕೇಬಲ್ ಹಿಡಿದುಕೊಂಡು ಬೆರಳಿನಿಂದಲೇ ಅದರ ಜಾಡು ನೋಡಿದೆವು. ಎರಡೂ ಕಾರ್ಡುಗಳ ತಿಳಿನೀಲಿ ಫೈಬರ್ ರ್‍ಯಾಕಿನ ಹಿಂದೆ ಒಂದೇ ಕಟ್ಟಾಗಿ ಇಳಿದು ಒಂದೇ ಸ್ವಿಚ್ಚಿಗೆ ಸೇರಿದ್ದವು. ಎರಡನೇ ಸ್ವಿಚ್ಚು ದೀಪ ಉರಿಸಿಕೊಂಡು ಖಾಲಿ ಕೂತಿತ್ತು.

ಮಲ್ಟಿಪಾತ್ ಸುಳ್ಳು ಹೇಳಿರಲಿಲ್ಲ. ಹಾದಿ ನಾಲ್ಕೂ ಇದ್ದದ್ದು ನಿಜ. ಆದರೆ ನಾಲ್ಕೂ ಒಂದೇ ನಾಕಾ ದಾಟಿ ಹೋಗುತ್ತಿದ್ದವು, ಮತ್ತು ಅದನ್ನು ಆ ಆಜ್ಞೆ ಕಾಣಲಾರದು. ಕಾಣುವ ಜಾಗ ಬೇರೆ. ಸಿಸ್ ಕಡತವೃಕ್ಷದಲ್ಲಿ ಕ್ಲಾಸ್ ಕೆಳಗೆ ಎಫ್‌ಸಿ ಹೋಸ್ಟ್ ಎಂಬ ಕೋಶ ಇದೆ. ಅಲ್ಲಿ ಪ್ರತಿ ಕಾರ್ಡಿಗೂ ಫ್ಯಾಬ್ರಿಕ್ ನೇಮ್ ಎಂಬ ಪುಟ್ಟ ಕಡತ. ಎರಡು ಕಾರ್ಡುಗಳ ಈ ಕಡತಗಳನ್ನು ಕ್ಯಾಟ್ ಮಾಡಿ ಪಕ್ಕಪಕ್ಕ ಇಡಿ. ಸಂಖ್ಯೆ ಬೇರೆ ಬೇರೆ ಇದ್ದರೆ ಎರಡು ಜಾಲ. ಒಂದೇ ಇದ್ದರೆ ಜಾಲವೂ ಒಂದೇ. ಅರ್ಧ ನಿಮಿಷದ ಈ ಕೆಲಸವನ್ನು ಅಂದಿನಿಂದ ನಾನು ಒಂದು ಸಲವೂ ಬಿಟ್ಟಿಲ್ಲ.

ಬೆಳಗಾವಿಯಲ್ಲಿ ಬೆಳೆದವರಿಗೆ ಈ ಪಾಠ ಮಳೆಗಾಲ ಕಲಿಸುತ್ತದೆ. ಗೋವೆಗೆ ತರಕಾರಿ ಹೋಗುವುದು ಇಲ್ಲಿಂದ. ಇಳಿಯಲು ಮೂರು ಘಾಟು: ಖಾನಾಪುರ, ರಾಮನಗರ ದಾಟಿ ಅನಮೋಡ; ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ; ವೆಂಗುರ್ಲಾ ರಸ್ತೆ ಹಿಡಿದರೆ ಅಂಬೋಲಿ. ಒಂದು ಕುಸಿದರೆ ಇನ್ನೊಂದು ಇದೆ. ಆದರೆ ಮೂರರ ಮೇಲೂ ಸುರಿಯುವುದು ಒಂದೇ ಮಳೆ. 2021ರ ಜುಲೈ 23ರಂದು ಆದದ್ದನ್ನು ನೆನೆಯಿರಿ. ಚಿಪಳೂಣ ಹತ್ತಿರ ವಾಶಿಷ್ಠಿ ನದಿ ಉಕ್ಕಿ ಕೊಂಕಣ ರೈಲು ಹಾದಿ ಬಂದ್ ಆಗಿತ್ತು. ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ರೈಲನ್ನು ಮಡಗಾಂವ್, ಲೋಂಡಾ, ಮೀರಜ್ ಕಡೆಯಿಂದ, ಅಂದರೆ ನಮ್ಮ ಖಾನಾಪುರ ತಾಲ್ಲೂಕಿನ ಮೇಲಿಂದ, ತಿರುಗಿಸಿ ಬಿಟ್ಟರು. ಅದು ದೂಧಸಾಗರ ಘಾಟು ಏರುತ್ತಿರುವಾಗ ಗುಡ್ಡ ಕುಸಿದು ಹಳಿ ತಪ್ಪಿತು. ಪುಣ್ಯಕ್ಕೆ ಪ್ರಯಾಣಿಕರು ಉಳಿದರು. ನಕಾಶೆಯಲ್ಲಿ ಅವು ಎರಡು ಬೇರೆ ಬೇರೆ ಹಾದಿ. ಮಳೆಯ ಕಣ್ಣಿಗೆ ಒಂದೇ ಸಹ್ಯಾದ್ರಿ.

ಸರ್ವರ್ ಕೋಣೆಯ ಮಳೆ ಯಾವುದು ಎಂದು ಕೇಳಿಕೊಳ್ಳಿ. ಎರಡೂ ಸ್ವಿಚ್ಚು ಒಂದೇ ಯುಪಿಎಸ್ ಮೇಲಿವೆಯೇ? ಎರಡೂ ಫೈಬರ್ ಒಂದೇ ಪೈಪಿನೊಳಗೆ ಹೋಗಿವೆಯೇ? ಎರಡು ಪೋರ್ಟು ಎಂದದ್ದು ಒಂದೇ ಕಾರ್ಡಿನ ಎರಡು ಕಿಂಡಿಗಳೇ? ಒಂದೇ ಕಾರಣಕ್ಕೆ ಒಟ್ಟಿಗೆ ಸಾಯುವ ಎರಡು ಹಾದಿಗಳನ್ನು ಎರಡು ಎಂದು ಎಣಿಸಬಾರದು.

ಆ ರಾತ್ರಿ ಒಂದು ದಾಖಲೆಯೂ ಹೋಗಲಿಲ್ಲ ಎಂದೆನಲ್ಲ, ಅದಕ್ಕೆ ಕಾರಣ ಒಂದು ಸಾಲಿನ ಸೆಟ್ಟಿಂಗು: ನೋ ಪಾತ್ ರಿಟ್ರೈ. ಹಾದಿಗಳೆಲ್ಲ ಹೋದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಕ್ಯೂ ಎಂದು ಬರೆದರೆ ಬರಹವನ್ನೆಲ್ಲ ತಡೆದು ಹಿಡಿದು ಹಾದಿ ತೆರೆಯುವವರೆಗೆ ಕಾಯುತ್ತದೆ. ಫೇಲ್ ಎಂದರೆ ಕೂಡಲೇ ಕೈಯೆತ್ತಿ ಅಪ್ಲಿಕೇಷನ್ನಿಗೆ ತಪ್ಪು ತಿಳಿಸುತ್ತದೆ. ಅಂಕಿ ಬರೆದರೆ ಅಷ್ಟು ಸಲ ನೋಡಿ ಬಿಡುತ್ತದೆ. ಐದು ಸೆಕೆಂಡಿಗೊಮ್ಮೆ ಪರೀಕ್ಷೆ ಇದ್ದು 12 ಎಂದು ಬರೆದಿದ್ದರೆ ಸುಮಾರು ಒಂದು ನಿಮಿಷ. ಒಂಟಿ ಸರ್ವರಿಗೆ ಕಾಯುವುದು ಒಳ್ಳೆಯದು. ಕ್ಲಸ್ಟರಿನಲ್ಲಿ ಹಾಗಲ್ಲ: ಪಕ್ಕದ ಯಂತ್ರ ಹೊಣೆ ಹೊರಲು ಸಿದ್ಧವಿರುವಾಗ ಇದು ಕೊನೆಯಿಲ್ಲದೆ ಕಾಯುತ್ತ ಕೂತರೆ ಇಬ್ಬರಿಗೂ ಕೆಲಸವಿಲ್ಲ. ಅಲ್ಲಿ ಬೇಗ ಸೋಲೊಪ್ಪಬೇಕು. ಕಾಯುವುದೋ ಬಿಡುವುದೋ ಎಂಬುದನ್ನು ಅಪಾಯದ ಹೊತ್ತಿನಲ್ಲಿ ಅಲ್ಲ, ತಣ್ಣಗಿರುವಾಗ ಕೂತು ತೀರ್ಮಾನಿಸಿ.

ಇದು ಲಿನಕ್ಸಿನ ಸೊತ್ತು ಮಾತ್ರವಲ್ಲ. ಪ್ರತಿ ಯುನಿಕ್ಸಿಗೂ ಇದರಲ್ಲಿ ತನ್ನದೇ ನುಡಿ ಇದೆ. ಐಬಿಎಂನ ಎಐಎಕ್ಸ್ 2002ರ 5.2 ಆವೃತ್ತಿಯಲ್ಲಿ ಎಂಪಿಐಒ ಎಂಬ ತನ್ನದೇ ಮಲ್ಟಿಪಾತಿಂಗ್ ತಂದಿತು. ಅಲ್ಲಿ ಎಲ್‌ಎಸ್‌ಪಾತ್ ಎಂದರೆ ಒಂದು ಹಾದಿಗೆ ಒಂದು ಸಾಲು: ಎನೇಬಲ್ಡ್, ಫೇಲ್ಡ್ ಅಥವಾ ಮಿಸಿಂಗ್. ಇಷ್ಟು ಕಡಿಮೆ ಮಾತಿನ ಆಜ್ಞೆ ಬೇರೆಲ್ಲೂ ನಾನು ಕಂಡಿಲ್ಲ. ಆದರೆ ಒಂದು ಎಚ್ಚರ: ಅಲ್ಲಿನ ವರ್ಚುವಲ್ ಸ್ಕಸಿ ಡಿಸ್ಕುಗಳಲ್ಲಿ ಎಚ್‌ಚೆಕ್ ಇಂಟರ್ವಲ್ ತಾನಾಗಿ ಸೊನ್ನೆ ಇರುತ್ತದೆ. ಸತ್ತ ಹಾದಿ ಸರಿಯಾದರೂ ಅದನ್ನು ಯಾರೂ ಹೋಗಿ ನೋಡುವುದಿಲ್ಲ. 60 ಎಂದು ಬರೆದುಬಿಡಿ. ಸೋಲಾರಿಸ್‌ನಲ್ಲಿ ಎಂಪಾತ್ಆ್ಯಡ್ಮ್ ಲಿಸ್ಟ್ ಎಲ್‌ಯು ಎರಡೇ ಎಣಿಕೆ ಕೊಡುತ್ತದೆ: ಒಟ್ಟು ಹಾದಿ ಎಷ್ಟು, ನಡೆಯುವ ಹಾದಿ ಎಷ್ಟು. ಎರಡೂ ಸಮ ಇದ್ದರೆ ಸುಖ. ಎಚ್‌ಪಿ-ಯುಎಕ್ಸ್‌ನಲ್ಲಿ ಬಹುಕಾಲ ಎಲ್‌ವಿಎಂ ಒಳಗೇ ಎರಡನೇ ಹಾದಿಯನ್ನು ಕೈಯಾರೆ ಸೇರಿಸಬೇಕಿತ್ತು. 2007ರ 11ಐ ವಿ3 ಆವೃತ್ತಿ ಬಂದ ಮೇಲೆ ಅದು ಯಂತ್ರದ ಹುಟ್ಟುಗುಣವೇ ಆಯಿತು. ಮೂರು ಮನೆ, ಮೂರು ಮಾತು; ಕೇಳುವ ಪ್ರಶ್ನೆ ಒಂದೇ.

ಚಿತ್ರ, ಬಣ್ಣ ಇರುವ ತೆರೆಗಳಿರುವಾಗ ಕಮಾಂಡ್ ಲೈನ್ ಯಾಕೆ ಎಂದು ಕೇಳುವವರಿದ್ದಾರೆ. ಬೂಟ್ ಡಿಸ್ಕಿನ ಹಾದಿಯೇ ಹೋದ ದಿನ ಆ ತೆರೆಗಳೂ ಏಳುವುದಿಲ್ಲ. ಸೀರಿಯಲ್ ಕನ್ಸೋಲಿನಲ್ಲಿ ಅಕ್ಷರ ಮಾತ್ರ ಉಳಿದಿರುತ್ತದೆ. ಇನ್ನೊಂದು ಕಾರಣ, ಅಕ್ಷರವನ್ನು ವಹಿಯಲ್ಲಿ ಇಡಬಹುದು. ದಿನಾ ಬೆಳಿಗ್ಗೆ ಹಾದಿಗಳ ಪಟ್ಟಿಯನ್ನು ಕಡತಕ್ಕೆ ಇಳಿಸಿ, ನಿನ್ನೆಯದರ ಜೊತೆ ಡಿಫ್ ಹಚ್ಚಿ ನೋಡುತ್ತೇನೆ. ಏನೂ ಬರದಿದ್ದರೆ ನಿನ್ನೆ ಇದ್ದದ್ದು ಇಂದೂ ಇದೆ. ಎಂಟು ಇದ್ದ ಹಾದಿ ಏಳಾಗಿದ್ದರೆ ಬಳಸುವವರಿಗೆ ಯಾರಿಗೂ ಗೊತ್ತಾಗುವುದಿಲ್ಲ, ಕೆಲಸ ನಡೆಯುತ್ತಲೇ ಇರುತ್ತದೆ. ಹಾಗೆ ಒಂದೊಂದೇ ಕಳೆದು ಕೊನೆಯ ಹಾದಿಯ ಮೇಲೆ ನಿಂತಿರುವ ಸರ್ವರುಗಳನ್ನು ನಾನು ನೋಡಿದ್ದೇನೆ. ದೀಪಾವಳಿ ಪಾಡ್ಯದ ದಿನ ಪೇಟೆಯಲ್ಲಿ ಹೊಸ ವಹಿಗೆ ಪೂಜೆ ಮಾಡುತ್ತಾರೆ. ವಹಿ ಬರೆಯುವವನಿಗೆ ಕೊರತೆ ಆದ ದಿನವೇ ಕಾಣುತ್ತದೆ, ಬರೆಯದವನಿಗೆ ಅಂಗಡಿ ಮುಚ್ಚುವ ದಿನ.

ಕಲಿಯಲು ಲಕ್ಷಗಟ್ಟಲೆ ರೂಪಾಯಿಯ ಪೆಟ್ಟಿಗೆ ಬೇಡ. ವಿಟಿಯು ಪಠ್ಯದಲ್ಲಿ ಸ್ಟೋರೇಜ್ ಏರಿಯಾ ನೆಟ್‌ವರ್ಕ್ಸ್ ಎಂಬ ಐಚ್ಛಿಕ ವಿಷಯ ಇತ್ತು. ಅದನ್ನು ಓದಿಯೂ ಹಾದಿಯೊಂದು ಸಾಯುವುದನ್ನು ಕಣ್ಣಾರೆ ಕಾಣದ ಎಂಜಿನಿಯರುಗಳು ನನಗೆ ಸಿಕ್ಕಿದ್ದಾರೆ. ಮನೆಯ ಹಳೇ ಕಂಪ್ಯೂಟರಿನಲ್ಲಿ ಎರಡು ವರ್ಚುವಲ್ ಲಿನಕ್ಸ್ ಯಂತ್ರ ಎಬ್ಬಿಸಿ. ಎರಡಕ್ಕೂ ಎರಡೆರಡು ನೆಟ್‌ವರ್ಕ್ ಕೊಡಿ. ಒಂದರಲ್ಲಿ ಟಾರ್ಗೆಟ್‌ಸಿಎಲ್‌ಐ ಹಾಕಿ 1 ಜಿಬಿಯ ಕಡತವನ್ನು ಐಸ್ಕಸಿ (ಸಾಮಾನ್ಯ ನೆಟ್‌ವರ್ಕ್ ಮೇಲೆ ಓಡುವ ಸ್ಕಸಿ) ಲನ್ ಮಾಡಿ. ಇನ್ನೊಂದರಿಂದ ಎರಡೂ ವಿಳಾಸಕ್ಕೆ ಲಾಗಿನ್ ಆಗಿ. ಡಿಸ್ಕು ಎರಡು ಕಾಣುತ್ತವೆ. ಮಲ್ಟಿಪಾತ್ ಶುರು ಮಾಡಿ, ಒಂದಾಗುತ್ತವೆ. ಅದರ ಮೇಲೆ ಬರೆಯುತ್ತ ಇರುವಾಗಲೇ ಒಂದು ನೆಟ್‌ವರ್ಕ್ ಇಳಿಸಿ. ಬರಹ ಒಮ್ಮೆಗೇ ನಿಂತು, ಎರಡು ನಿಮಿಷದವರೆಗೂ ಕಾದು ಮುಂದುವರಿಯಬಹುದು. ಐಸ್ಕಸಿ ತಾನಾಗಿ 120 ಸೆಕೆಂಡು ಕಾದು ನೋಡುವುದೇ ಇದಕ್ಕೆ ಕಾರಣ. ಆ ರಿಪ್ಲೇಸ್‌ಮೆಂಟ್ ಟೈಮ್‌ಔಟನ್ನು 5ಕ್ಕೆ ಇಳಿಸಿ ಮತ್ತೆ ಮಾಡಿ. ಈಗ ಚಿಕ್ಕದೊಂದು ತಡೆ, ಮತ್ತೆ ಓಟ. ಒಂದು ರವಿವಾರದ ಮಧ್ಯಾಹ್ನ ಸಾಕು.

ಪರೀಕ್ಷೆಯ ವಿಷಯಕ್ಕೆ ಬಂದರೆ ಖಾನಾಪುರದ ಒಬ್ಬ ಲಾರಿ ಚಾಲಕರ ಮಾತು ನನಗೆ ದಾರಿ ತೋರಿಸಿತು. ನಮ್ಮ ಕೆಳಗಿನ ಅಂಗಡಿಗೆ ಮಾಲು ಹೊಡೆಯುವವರು. ಮೇ ತಿಂಗಳಲ್ಲಿ ಒಮ್ಮೆ ಅನಮೋಡ ಸರಿಯಾಗಿಯೇ ಇರುವಾಗ ಖಾಲಿ ಗಾಡಿ ಹೊಡೆದುಕೊಂಡು ಚೋರ್ಲಾ ಕಡೆಯಿಂದ ಬಂದಿದ್ದರು. ಯಾಕೆ ಎಂದು ಕೇಳಿದೆ.

"ಮಳಿ ಹಿಡಿಯೂಕಿಂತ ಮೊದ್ಲ ಒಮ್ಮೆ ಹೋಗಿ ಬರ್ತೇನ್ರಿ ಸರ. ಎಲ್ಲಿ ಡಾಂಬರ ಕಿತ್ತೈತಿ, ಯಾವ ತಿರುವಿನ್ಯಾಗ ಗಾಡಿ ಹೊಳ್ಳೂದಿಲ್ಲ, ಈಗ ನೋಡಿಟ್ಟರ ಚಲೋ. ತುಂಬಿದ ಗಾಡಿ ತಗೊಂಡು ರಾತ್ರಿ ಮಳ್ಯಾಗ ನೋಡಾಕ ಆಗತೈತೇನ್ರಿ?"

ಮೂರು ತಿಂಗಳಿಗೊಮ್ಮೆ ನಾನೂ ಅದನ್ನೇ ಮಾಡುತ್ತೇನೆ. ಎಲ್ಲರಿಗೂ ಮುಂಚೆ ತಿಳಿಸಿ, ಒಪ್ಪಿಗೆ ಪಡೆದು, ರಾತ್ರಿ ಹನ್ನೊಂದರ ಮೇಲೆ ಒಂದು ಡಿಸ್ಕಿನ ಸ್ಟೇಟ್ ಕಡತದಲ್ಲಿ ಆಫ್‌ಲೈನ್ ಎಂದು ಬರೆಯುತ್ತೇನೆ. ಪಕ್ಕದ ಕಿಟಕಿಯಲ್ಲಿ ಐಒಸ್ಟ್ಯಾಟ್ ಓಡುತ್ತಿರುತ್ತದೆ. ಆ ಹಾದಿಯ ಅಂಕಿ ಸೊನ್ನೆಗೆ ಇಳಿದು, ಪಕ್ಕದ ಹಾದಿಯ ಅಂಕಿ ಏರುವುದನ್ನು ನೋಡುತ್ತೇನೆ. ಮತ್ತೆ ರನಿಂಗ್ ಎಂದು ಬರೆದು ಅದು ಮರಳಿ ಬರುವವರೆಗೆ ಕಾಯುತ್ತೇನೆ. ಆಮೇಲೆ ಮುಂದಿನದು. 50ರ ಎರಡೂ ಹಾದಿಗಳನ್ನು ಒಟ್ಟಿಗೆ ಇಳಿಸಿ, ತಿಂಗಳುಗಟ್ಟಲೆ ಸುಮ್ಮನೆ ಕಾದಿದ್ದ 10ರ ಹಾದಿಗಳ ಮೇಲೆ ಮಾಲು ಹರಿಯುವುದನ್ನು ಕಣ್ಣಾರೆ ನೋಡಿ, ವಹಿಯಲ್ಲಿ ತಾರೀಖು ಹಾಕಿ ಎರಡು ಸಾಲು ಬರೆದು ದೀಪ ಆರಿಸುತ್ತೇನೆ. ಕೆಳಗೆ ಪೇಟೆಯಲ್ಲಿ ಆ ಹೊತ್ತಿಗೆ ಒಂದೋ ಎರಡೋ ಲಾರಿಗಳು ಬೆಳಗಿನ ಹಮಾಲರಿಗಾಗಿ ಬಂದು ನಿಂತಿರುತ್ತವೆ.